ಬಳ್ಳಿ ಮಣ್ಣು ಮಾಡುವ ತಿಂಗಳು

ಅರರಾತ್ ಬಯಲಿನಲ್ಲಿ ನವೆಂಬರ್ ಕಾಲಿಟ್ಟರೆ
ದ್ರಾಕ್ಷಿಬಳ್ಳಿಯನ್ನು ಕಂಬದಿಂದ ಬಿಡಿಸಿ,
ಬಾಗಿಸಿ, ಸಾಲಿನುದ್ದಕ್ಕೂ ಮಲಗಿಸಿ
ಮಣ್ಣು ಮಾಡುತ್ತೇವೆ.
ಮಾಡದಿದ್ದರೆ ಮಾಗಿ ಕೊಲ್ಲುತ್ತದೆ.

ಮಾವ ಹೊವಾಕಿಮ್ ಸಲಿಕೆ ಹಿಡಿದು ಮುಂದೆ,
ಬಳ್ಳಿಯ ಕತ್ತು ಹಿಡಿದು ನಾನು ಹಿಂದೆ.
‘ಮೆಲ್ಲಗೆ, ವರ್ಸೆನಿಕ್. ಹಳೆಯ ಮೂಳೆ ಅದು.’
ಇಡೀ ದಿನಕ್ಕೆ ಅವರ ಮಾತು ಅಷ್ಟೇ.
ಗಡಿಯಾಚೆಯ ಬೆಟ್ಟದಲ್ಲಿ ಹಿಮ
ಆಗಲೇ ಎರಡು ಬೆರಳು ಕೆಳಗಿಳಿದಿದೆ.

ಆ ವರ್ಷ ಬಳ್ಳಿಗಿಂತ ಮೂರು ವಾರ ಮೊದಲು
ಝಾವೆನ್‌ನನ್ನು ಮಣ್ಣು ಮಾಡಿದ್ದೆವು.
ನೆರೆಯವರು ತಂದ ಸಲಿಕೆಗಳ ನಡುವೆ
ಹಿಡಿಗೆ ನೀಲಿ ತಂತಿ ಸುತ್ತಿದ ನಮ್ಮದೂ ಇತ್ತು.
ಅದೇ ಇದು. ಬೇರೆ ಕೊಳ್ಳಬೇಕೆಂದುಕೊಂಡೆ;
ಸಲಿಕೆಯದೇನು ತಪ್ಪು?

ತಪ್ಪು ಯಾರದೂ ಅಲ್ಲ. ರಸ ಹುಳಿಯುವ ಕಾಲ.
ನೆಲಮಾಳಿಗೆಗೆ ಇಳಿಯುವ ಮೊದಲು
ಮೇಣದಬತ್ತಿ ಇಳಿಸಿ ನೋಡಬೇಕು.
ಬತ್ತಿ ಆರಿದಲ್ಲಿ ಮನುಷ್ಯನೂ ಆರುತ್ತಾನೆ,
ಇಲ್ಲಿ ಹಾಲು ಕುಡಿವ ಕೂಸಿಗೂ ಗೊತ್ತು.
ದ್ರಾಕ್ಷಿ ಬಿಟ್ಟ ಉಸಿರಿಗೆ ಬಣ್ಣವಿಲ್ಲ, ನಾತವಿಲ್ಲ,
ಗುಡಾಣಗಳ ನಡುವೆ ಮೊಣಕಾಲೆತ್ತರ ನಿಂತಿರುತ್ತದೆ.
ಏನೋ ಬೀಳಿಸಿಕೊಂಡಿದ್ದನೇನೋ, ಬಗ್ಗಿದ್ದಾನೆ.
ಬತ್ತಿ ಅಡುಗೆಮನೆಯ ಕಿಟಕಿಯಲ್ಲೇ ಇತ್ತು,
ಬೆಂಕಿಪೊಟ್ಟಣ ಪಕ್ಕದಲ್ಲಿ.

ಆ ಮಾಗಿ ನನಗೆ ನೆನಪಿಲ್ಲ.
ಕರೆಂಟು ಕಂಬದ ಗೂಡಲ್ಲಿ ಒಂದು ಕೊಕ್ಕರೆ
ದಕ್ಷಿಣಕ್ಕೆ ಹೋಗದೆ ಉಳಿದಿತ್ತು, ಅದಷ್ಟು ನೆನಪು.
ಫೆಬ್ರವರಿಯಲ್ಲಿ ಚರ್ಚಿನ ಅಂಗಳದಲ್ಲಿ ಬೆಂಕಿ ಹಾಕಿ
ಹೊಸ ಜೋಡಿಗಳು ಹಾರುವಾಗ
ಹೊಗೆ ಯಾವ ದಿಕ್ಕಿಗೆ ಬಾಗಿತೆಂದು ಊರೆಲ್ಲ ನೋಡಿತು.
ನಮ್ಮ ಮನೆಯ ಕಡೆಗೆ. ಒಳ್ಳೆ ಬೆಳೆ, ಅಂದರು.

ಮಾರ್ಚಿನಲ್ಲಿ ಅಗೆದೆವು.
ಮಣ್ಣು ಕೊಡವಿ ಎಬ್ಬಿಸಿದೆವು ಒಂದೊಂದನ್ನೇ.
ಕತ್ತರಿ ಬಿದ್ದಲ್ಲಿ ನೀರು ತೊಟ್ಟಿಕ್ಕಿತು.
ಮಧ್ಯಾಹ್ನ ನಾಝೆಲಿ, ಆಗ ಅವಳಿಗೆ ನಾಲ್ಕು,
ಅಪ್ಪನ ಬೂಟುಗಳನ್ನು ಎದೆಗವಚಿಕೊಂಡು ಬಂದು
ಸಾಲಿನ ಕೊನೆಯಲ್ಲಿ ಜೋಡಿಸಿಟ್ಟಳು,
ಎದ್ದವನ ಕಾಲಿಗೆ ಸಿಗುವ ಹಾಗೆ.
ಯಾರೂ ಮಾತಾಡಲಿಲ್ಲ.
ಮಾವ ತಮ್ಮ ಬೂಟು ಕಳಚಿದರು,
ಮಗನದನ್ನು ಹಾಕಿಕೊಂಡರು,
ಒಂದು ಅಳತೆ ದೊಡ್ಡದು, ಹಿಮ್ಮಡಿ ಲೊಟಲೊಟ,
ಸಂಜೆಯವರೆಗೂ ಅಗೆದರು.

ನೀರೆರಚುವ ಹಬ್ಬ ಬಂದರೂ
ನನ್ನ ಮೇಲೆ ಯಾರೂ ನೀರು ಹಾಕಲಿಲ್ಲ.
ಎರಡು ಬೇಸಿಗೆ ಒಣಗಿಯೇ ನಡೆದೆ ಬೀದಿಯಲ್ಲಿ.
ಮೂರನೆಯದರಲ್ಲಿ ಮಹಡಿಯಿಂದ ಒಂದು ಬಕೆಟ್ಟು
ದಬಕ್ಕನೆ ನನ್ನ ತಲೆಗೇ.
ಹುಡುಗ ನಾಲಿಗೆ ಕಚ್ಚಿಕೊಂಡ. ಅವನಮ್ಮ ಓಡಿ ಬಂದಳು.
ಕಪ್ಪು ಬಟ್ಟೆಯ ಬಣ್ಣ ಇಳಿದು ಪಾದಕ್ಕೆ ಹರಿಯುತ್ತಿರಲು
ನಕ್ಕುಬಿಟ್ಟೆ.
ಆ ನಗೆಯನ್ನು ನಾನಿನ್ನೂ ಕ್ಷಮಿಸಿಲ್ಲ.

ಆ ವರ್ಷದ ಗುಡಾಣ ಹಾಗೇ ಇದೆ, ಬಾಯಿಗೆ ಜೇಡಿ ಮೆತ್ತಿ.
ಅವನ ಕೊನೆಯ ಉಸಿರೂ ಅದರದೂ ಬೆರೆತದ್ದು ಅಲ್ಲಿ.
ಆಗಸ್ಟಿನಲ್ಲಿ ಪಾದ್ರಿ ಹೊಸ ಹಣ್ಣು ಹರಸಿದಾಗಲೂ,
ಕೊಳ್ಳುವವರು ಬಂದಾಗಲೂ ತೆರೆಯಲಿಲ್ಲ.
ವೈನಾಗಿದೆಯೋ, ವಿನೆಗರಾಗಿದೆಯೋ. ಆಗಿರಲಿ.

ಈ ನವೆಂಬರಿಗೆ ಏಳು ವರ್ಷ.
ಮಾವನಿಗೆ ಬಗ್ಗಲಾಗದು; ಸ್ಟೂಲಿನ ಮೇಲೆ ಕೂತು
ಸಾಲು ಎಣಿಸುತ್ತಾರೆ, ಎಣಿಕೆ ತಪ್ಪಿ ಮತ್ತೆ ಮೊದಲಿಂದ.
ನೀಲಿ ತಂತಿಯ ಸಲಿಕೆ ನಾಝೆಲಿಯ ಕೈಲಿ.
ಅವಳಿಗೆ ಅಪ್ಪನ ಮುಖವೆಂದರೆ ಫೋಟೋದ್ದು, ದನಿ ಇಲ್ಲ.
ಮೊನ್ನೆ ನೆಲಮಾಳಿಗೆಗೆ ಇಳಿಯುವಾಗ, ಹೇಳದೆಯೇ,
ಬತ್ತಿ ಹಚ್ಚಿ ನನ್ನ ಮುಂದೆ ಹಿಡಿದಳು.
ಕುಡಿ ನೆಟ್ಟಗಿತ್ತು.

‘ಮೆಲ್ಲಗೆ,’ ಅನ್ನುತ್ತೇನೆ ಈಗ ನಾನು.
ಇನ್ನೆರಡು ಸಾಲು. ಬೆಳಕಿರುವಾಗಲೇ ಮುಗಿಸಬೇಕು.